ಗಾಲಿಯ ಮೇಲಿನ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರು ಗಾಡಿಯನ್ನು ಕಂಡವರಲ್ಲ. ಕಂಡಿದ್ದರೆ ‘ಗಾಡಿ ಕೊಂಡು ನೋಡು’ ಎಂಬ ಮೂರನೆಯ ಮಾತೊಂದನ್ನೂ ಸೇರಿಸುತ್ತಿದ್ದರು. ಮನೆಯ ಖರ್ಚು ಒಂದು ಬಗೆ, ಗಾಡಿಯ ಖರ್ಚು ಇನ್ನೊಂದು ಬಗೆ. ಈ ಎರಡನ್ನೂ ಒಂದೇ ಕಡೆ ಕೂಡಿಸಿದ ವಸ್ತುವೊಂದು ಈಗ ಉಂಟು. ದೊಡ್ಡದೊಂದು ವ್ಯಾನು, ಅದರೊಳಗೆ ಮಲಗಲು ಮಂಚ, ಅಡಿಗೆಗೆ ಒಲೆ, ನೀರಿನ ತೊಟ್ಟಿ, ವಿದ್ಯುದ್ದೀಪ, ಇನ್ನೂ ದೊಡ್ಡದಾದರೆ ಶೌಚದ ಕೋಣೆ. ಇದಕ್ಕೆ ಮೋಟಾರ್ ಹೋಮ್ ಎನ್ನುತ್ತಾರೆ, ಕ್ಯಾರವಾನ್ ಎಂದೂ ಹೇಳುತ್ತಾರೆ. ನಮ್ಮ ಮಾತಿನಲ್ಲಿ ಗಾಲಿಯ ಮೇಲಿನ ಮನೆ ಎನ್ನೋಣ. ಬೇಕೆಂದಾಗ ಹೊರಡುವುದು, ಬೇಕಾದಲ್ಲಿ ನಿಲ್ಲುವುದು, ನಿಂತಲ್ಲಿ ಉಂಡು ಮಲಗುವುದು. ಕೇಳುವುದಕ್ಕೆ ಬಹಳ ಸೊಗಸು.

ಆದರೆ ನೀವೂ ನಾನೂ ಸಂಸಾರವಂದಿಗರು. ಸೊಗಸಾದ ವಸ್ತುವನ್ನು ಕಂಡೊಡನೆ ನಮ್ಮ ಬಾಯಿಂದ ಬರುವ ಮೊದಲ ಮಾತು ‘ಎಷ್ಟಂತೆ?’ ಎಂಬುದು. ಎರಡನೆಯದು ‘ನಮ್ಮಂಥವರಿಗೆ ಅದೆಲ್ಲ ಸಾಧ್ಯವೆ?’ ಎಂಬುದು. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಹೊತ್ತಿನ ಮಾತಿನ ಉದ್ದೇಶ.

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವನು ಶಿಡ್ಲಘಟ್ಟದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕೊಳವೆಬಾವಿಗಳ ಮೋಟಾರು ಸುಟ್ಟುಹೋದರೆ ತಂತಿ ಸುತ್ತಿ ಸರಿಮಾಡಿಕೊಡುವುದು ಅವನ ಕಸುಬು. ನೆಲದ ನೀರು ಆಳಕ್ಕೆ ಇಳಿದಿರುವ ನಮ್ಮ ಸೀಮೆಯಲ್ಲಿ ಆ ಕಸುಬಿಗೆ ಬಿಡುವಿಲ್ಲ. ಅವನ ತಾಯಿ ನಲವತ್ತು ವರ್ಷ ರೇಷ್ಮೆಯ ನೂಲು ತೆಗೆಯುವ ಚರಕದ ಮುಂದೆ ಕುಳಿತವರು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬಿಳುಪೇರಿ ಸುಕ್ಕಾಗಿವೆ. ಊರಿಂದಾಚೆ ಅವರು ಕಂಡದ್ದು ಕೈವಾರ, ನಂದಿ, ಒಮ್ಮೆ ತಿರುಪತಿ, ಅಷ್ಟೆ. ಸಮುದ್ರವನ್ನು ಕಂಡವರಲ್ಲ.

ಒಂದು ಭಾನುವಾರ ಅವನು ಬಂದ. “ಮೇಷ್ಟ್ರೇ, ಅಮ್ಮನಿಗೆ ಎಪ್ಪತ್ತಾಯಿತು. ಅಪ್ಪನಿಗೆ ಮಂಡಿನೋವು. ಬಸ್ಸು ಹತ್ತಿ ಇಳಿಯುವುದು ಇಬ್ಬರಿಂದಲೂ ಆಗುವುದಿಲ್ಲ. ಒಂದು ಹಳೆಯ ದೊಡ್ಡ ವ್ಯಾನು ನೋಡಿದ್ದೇನೆ. ಒಳಗೆ ಮಂಚ, ಒಲೆ ಎಲ್ಲ ಮಾಡಿಸಿಕೊಟ್ಟರೆ ಹನ್ನೆರಡು ಲಕ್ಷ ಆಗುತ್ತದಂತೆ. ಎರಡು ಲಕ್ಷ ಕೈಯಲ್ಲಿದೆ. ಹತ್ತು ಲಕ್ಷ ಸಾಲ ಕೊಡುತ್ತಾರೆ, ಸೈಟಿನ ಪತ್ರ ಇಟ್ಟರೆ ಸಾಕಂತೆ” ಎಂದ.

“ಬಡ್ಡಿ ಎಷ್ಟಯ್ಯಾ?” ಎಂದೆ.

“ಹತ್ತು ಪರ್ಸೆಂಟು ಸಾರ್, ಜಾಸ್ತಿ ಏನಿಲ್ಲ.”

“ಹತ್ತು ಅಂದರೆ ಯಾವ ಹತ್ತು?”

ಅವನು ನನ್ನ ಮುಖ ನೋಡಿದ. ನಾನು ಕನ್ನಡ ಪಂಡಿತ, ಲೆಕ್ಕದ ಮೇಷ್ಟ್ರಲ್ಲ. ಆದರೂ ಶಬ್ದಕ್ಕೆ ಎರಡು ಅರ್ಥವಿದ್ದಲ್ಲಿ ಎಚ್ಚರವಾಗಿರಬೇಕೆಂಬುದು ವ್ಯಾಕರಣದವನಿಗೆ ತಿಳಿದ ಮಾತು. ‘ಹತ್ತು ಪರ್ಸೆಂಟು’ ಎಂಬುದಕ್ಕೆ ಸಾಲದ ಅಂಗಡಿಯಲ್ಲಿ ಎರಡು ಅರ್ಥಗಳಿವೆ. ಒಂದನೆಯದು, ತಿಂಗಳು ತಿಂಗಳು ಅಸಲು ತೀರಿದಂತೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವುದು. ಹತ್ತು ಲಕ್ಷವನ್ನು ಹೀಗೆ 5 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು 21,247 ರೂಪಾಯಿ. ಒಟ್ಟು ಬಡ್ಡಿ ಸುಮಾರು 2 ಲಕ್ಷ 75 ಸಾವಿರ. ಎರಡನೆಯದು, ಮೊದಲ ದಿನದ ಹತ್ತು ಲಕ್ಷಕ್ಕೇ ಐದು ವರ್ಷವೂ ಬಡ್ಡಿ ಹಾಕುವುದು. ಇದಕ್ಕೆ ಫ್ಲಾಟ್ ಬಡ್ಡಿ ಎನ್ನುತ್ತಾರೆ. ಆಗ ಬಡ್ಡಿಯೇ 5 ಲಕ್ಷ, ಕಂತು 25,000. ಅಸಲು ಅರ್ಧ ತೀರಿದ್ದರೂ ಬಡ್ಡಿ ಮಾತ್ರ ಪೂರ್ತಿ ಅಸಲಿನದು! ಮೊದಲ ರೀತಿಯ ಲೆಕ್ಕಕ್ಕೆ ತಿರುಗಿಸಿ ನೋಡಿದರೆ ಇದು ನೂರಕ್ಕೆ ಹತ್ತಲ್ಲ, ಹದಿನೇಳಕ್ಕೂ ಮೀರಿದ ಬಡ್ಡಿ. ಫೋನಿನಲ್ಲಿ ಕೇಳಿದಾಗ ತಿಳಿಯಿತು: ಅವನಿಗೆ ಹೇಳಿದ್ದ ಹತ್ತು ಈ ಎರಡನೆಯ ಹತ್ತು.

ಸಾಲ ಕೊಡುವವರು ಸುಳ್ಳು ಹೇಳಿರಲಿಲ್ಲ. ಇವನು ಪೂರ್ತಿ ಕೇಳಿರಲಿಲ್ಲ. ಆದ್ದರಿಂದ ನೀವು ಯಾವ ಗಾಡಿಗೇ ಸಾಲ ಮಾಡಿ, ದ್ವಿಚಕ್ರಕ್ಕಾಗಲಿ ಟ್ರ್ಯಾಕ್ಟರಿಗಾಗಲಿ, ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ತಿಂಗಳ ಕಂತು ಎಷ್ಟು, ಕಂತುಗಳು ಎಷ್ಟು, ಎರಡನ್ನೂ ಗುಣಿಸಿದರೆ ಒಟ್ಟು ಎಷ್ಟು. ಪರ್ಸೆಂಟಿನ ಮಾತು ಆಮೇಲೆ.

ಬಡ್ಡಿಯ ಗಂಟು ಬಿಡಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ: “ವರ್ಷಕ್ಕೆ ಎಷ್ಟು ರಾತ್ರಿ ಆ ಗಾಡಿಯಲ್ಲಿ ಮಲಗುತ್ತೀಯೆ?”

ಅವನು ಬೆರಳು ಮಡಚಿ ಎಣಿಸಿದ. ಬೇಸಿಗೆಯಲ್ಲಿ ಮೋಟಾರು ಸುಡುವ ಕಾಲ, ಅಂಗಡಿ ಬಿಡುವಂತಿಲ್ಲ. ಮಳೆಗಾಲದಲ್ಲಿ ಒಂದು ವಾರ, ದಸರೆಯಲ್ಲಿ ನಾಲ್ಕು ದಿನ, ಸಂಕ್ರಾಂತಿಯ ಸುತ್ತ ಐದು ದಿನ. “ಹದಿನಾರು ರಾತ್ರಿ ಸಾರ್” ಎಂದ.

ಹಾಗಾದರೆ ಲೆಕ್ಕ ಹಾಕೋಣವೆಂದು ಕುಳಿತೆವು. ನೀವೂ ಒಂದು ಕಾಗದ ತೆಗೆದುಕೊಳ್ಳಿ. ಹನ್ನೆರಡು ಲಕ್ಷದ ಗಾಡಿಯನ್ನು ಹತ್ತು ವರ್ಷ ಇಟ್ಟುಕೊಂಡು ಮೂರು ಲಕ್ಷಕ್ಕೆ ಮಾರಿದೆವೆಂದು ತಿಳಿಯಿರಿ. ಕರಗಿದ ಬೆಲೆ ಒಂಬತ್ತು ಲಕ್ಷ, ಎಂದರೆ ವರ್ಷಕ್ಕೆ 90,000. ಒಳ್ಳೆಯ ರೀತಿಯ ಸಾಲವೇ ಆದರೂ ಬಡ್ಡಿಯನ್ನು ಹತ್ತು ವರ್ಷಕ್ಕೆ ಹಂಚಿದರೆ 27,500. ವಿಮೆ, ತೆರಿಗೆ, ಟೈರು, ರಿಪೇರಿ ಎಲ್ಲ ಸೇರಿ 42,500 ಎಂದಿಟ್ಟುಕೊಳ್ಳಿ. ಒಟ್ಟು ವರ್ಷಕ್ಕೆ 1,60,000 ರೂಪಾಯಿ; ಇನ್ನೂ ಡೀಸೆಲ್ ಹಾಕಿಲ್ಲ. ಇದನ್ನು ಹದಿನಾರು ರಾತ್ರಿಗೆ ಭಾಗಿಸಿದರೆ ರಾತ್ರಿಯೊಂದಕ್ಕೆ 10,000. ಅದೇ ಗಾಡಿ ವರ್ಷಕ್ಕೆ 160 ರಾತ್ರಿ ಉಪಯೋಗಕ್ಕೆ ಬಂದರೆ ರಾತ್ರಿಗೆ 1,000. ಗಾಡಿ ಅದೇ, ಬೆಲೆಯೂ ಅದೇ. ಒಂದು ಲೆಕ್ಕದಲ್ಲಿ ರಾಜಭೋಗ, ಇನ್ನೊಂದರಲ್ಲಿ ಸಾಧಾರಣ ವಸತಿ.

ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ. ಗಾಲಿಯ ಮೇಲಿನ ಮನೆ ದುಬಾರಿಯಾಗುವುದು ಅದರ ಬೆಲೆಯಿಂದಲ್ಲ, ಅದು ಸುಮ್ಮನೆ ನಿಂತಿರುವ ದಿನಗಳಿಂದ. ಸಾಮಾನ್ಯ ಜನ ಅದನ್ನು ದಕ್ಕಿಸಿಕೊಂಡಾಗಲೆಲ್ಲ ಆ ನಿಲ್ಲುವ ದಿನಗಳನ್ನು ಕಡಮೆ ಮಾಡಿಯೇ ದಕ್ಕಿಸಿಕೊಂಡಿದ್ದಾರೆ.

ಇದು ಹೊಸ ವಿಚಾರವಲ್ಲ. ನಿಮ್ಮಲ್ಲಿ ವಯಸ್ಸಾದವರು ಕಮಾನು ಗಾಡಿಯನ್ನು ನೆನಪಿಗೆ ತಂದುಕೊಳ್ಳಿ. ವರ್ಷವೆಲ್ಲ ಆ ಬಂಡಿ ಗೊಬ್ಬರ ಹೊರುತ್ತಿತ್ತು, ರಾಗಿಯ ತೆನೆ ಹೊರುತ್ತಿತ್ತು, ಸಂತೆಗೆ ಹೋಗುತ್ತಿತ್ತು. ಪುಷ್ಯಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಬಂದಿತೆಂದರೆ, ಇಲ್ಲವೆ ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರು ಬಂದಿತೆಂದರೆ, ಅದೇ ಬಂಡಿಯನ್ನು ತೊಳೆದು ಬಿದಿರಿನ ಕಮಾನು ಕಟ್ಟಿ ಮೇಲೆ ಚಾಪೆ ಹೊದಿಸುತ್ತಿದ್ದರು. ಕೆಳಗೆ ಮೆತ್ತಗೆ ಹುಲ್ಲು, ಅದರ ಮೇಲೆ ಜಮಖಾನೆ. ರಾಗಿ ಹಿಟ್ಟಿನ ಗಂಟು, ಹುರುಳಿಕಾಳು, ಒಂದೆರಡು ಪಾತ್ರೆ. ಮೂಕಿಯ ಕೆಳಗೆ ಲಾಂದ್ರ. ಜಾತ್ರೆಯ ಬಯಲಿನಲ್ಲಿ ಎತ್ತು ಬಿಚ್ಚಿ ಮೂರು ಕಲ್ಲು ಹೂಡಿದರೆ ಮನೆ ಸಿದ್ಧ. ಮಕ್ಕಳೂ ಮುದುಕರೂ ಬಂಡಿಯೊಳಗೆ, ಗಂಡಸರು ಬಂಡಿಯ ಕೆಳಗೆ. ಆ ನಾಲ್ಕೈದು ರಾತ್ರಿಗಳ ಮನೆಗೆ ಯಾರೂ ಪ್ರತ್ಯೇಕವಾಗಿ ಹಣ ಕೊಟ್ಟಿರಲಿಲ್ಲ. ಬಂಡಿಯ ಬೆಲೆಯನ್ನು ಗೊಬ್ಬರ, ರಾಗಿಗಳೇ ಆಗಲೇ ತೀರಿಸಿದ್ದುವು.

ಪಶ್ಚಿಮದ ದೇಶಗಳ ಕಥೆಯೂ ಹೀಗೆಯೇ ನಡೆದಿದೆ. ಇಂಗ್ಲೆಂಡಿನಲ್ಲಿ 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆಯ ವೈದ್ಯನು ಕೇವಲ ವಿಹಾರಕ್ಕೆಂದೇ ಕುದುರೆ ಎಳೆಯುವ ಮನೆಯೊಂದನ್ನು ಮಾಡಿಸಿದ. ಅದು ಅನುಕೂಲಸ್ಥನ ವಿಲಾಸ. ಸಾಮಾನ್ಯರ ಬಾಗಿಲಿಗೆ ಆ ಸುಖ ಬಂದದ್ದು ಬೇರೆ ದಾರಿಯಿಂದ. ಎರಡನೆಯ ಮಹಾಯುದ್ಧದಲ್ಲಿ ಸೋತು ಸೊರಗಿದ್ದ ಜರ್ಮನಿಯಲ್ಲಿ 1951ರಲ್ಲಿ ವೆಸ್ಟ್‌ಫಾಲಿಯಾ ಎಂಬ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಇಡತಕ್ಕ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಪೆಟ್ಟಿಗೆಯ ಸರಂಜಾಮನ್ನು ತಯಾರಿಸಿತು. ಅದನ್ನು ಬೇಕೆಂದಾಗ ಇಡಬಹುದು, ಬೇಡವೆಂದಾಗ ತೆಗೆಯಬಹುದು. ಕೆಲಸದ ದಿನಗಳಲ್ಲಿ ವ್ಯಾನು ವ್ಯಾಪಾರದ ಸಾಮಾನು ಸಾಗಿಸುತ್ತಿತ್ತು; ರಜೆಯ ದಿನ ಪೆಟ್ಟಿಗೆಯನ್ನು ಒಳಗಿಟ್ಟರೆ ಅದೇ ಮನೆ. ನಮ್ಮ ಬಿದಿರಿನ ಕಮಾನಿಗೂ ಆ ಪೆಟ್ಟಿಗೆಗೂ ತತ್ತ್ವದಲ್ಲಿ ಭೇದವಿಲ್ಲ.

ಇಂದಿಗೂ ನಮ್ಮ ನಡುವೆ ಗಾಲಿಯ ಮೇಲಿನ ಮನೆಯಲ್ಲಿ ವಾಸಿಸುವ ಒಂದು ದೊಡ್ಡ ವರ್ಗವೇ ಇದೆ. ಚಿಂತಾಮಣಿಯಿಂದ ಟೊಮೆಟೊ ತುಂಬಿಕೊಂಡು ದೂರದ ರಾಜ್ಯಗಳಿಗೆ ಹೋಗುವ ಲಾರಿಯ ಚಾಲಕನನ್ನು ಕೇಳಿ. ಅವನ ನಿದ್ರೆ, ದೇವರ ಪಟ, ಬಟ್ಟೆಯ ಚೀಲ ಎಲ್ಲವೂ ಆ ಮುಂಗೋಣೆಯಲ್ಲೇ. ಎಷ್ಟೋ ವರ್ಷ ಆ ಕೋಣೆ ಕೆಂಡದ ಒಲೆಯಂತಿತ್ತು. 2025ರ ಅಕ್ಟೋಬರ್ 1ರಿಂದೀಚೆಗೆ ತಯಾರಾಗುವ, ಮೂರೂವರೆ ಟನ್ನಿಗೆ ಮೀರಿದ ಸರಕು ಲಾರಿಗಳ ಚಾಲಕನ ಕೋಣೆಗೆ ತಂಪು ಯಂತ್ರ ಇರಲೇಬೇಕೆಂದು ಕಾನೂನಾಗಿದೆ. ನಾವು ಮೋಟಾರ್ ಹೋಮಿನ ಸುಖವನ್ನು ಕನಸು ಕಾಣುವಾಗ, ಅದರಲ್ಲೇ ಬಾಳುವೆ ಮಾಡುವವರಿಗೆ ಗಾಳಿಯಾದರೂ ದೊರೆಯಿತೆಂಬುದು ಸಮಾಧಾನದ ಸಂಗತಿ.

ಇಲ್ಲಿ ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಹಿರಿಯರನ್ನು ನೆನೆಯದಿರುವುದು ಹೇಗೆ? ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ನಮ್ಮ ದೇಶದಲ್ಲೇ ಮೋಟಾರು ತಯಾರಾಗಬೇಕೆಂದು ಯೋಜನೆ ಬರೆದರು. ಅಂದಿನ ಸರ್ಕಾರ ಕೈಹಿಡಿಯಲಿಲ್ಲ. ಅವರ ಪ್ರಯತ್ನಕ್ಕೆ ಜೊತೆಯಾಗಿದ್ದ ವಾಲಚಂದ್ ಹೀರಾಚಂದರು ಮುಂಬಯಿಯಲ್ಲಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮೋಟಾರನ್ನು ನಾವೇ ಮಾಡಬೇಕೆಂದ ಅವರು ಮಿತವ್ಯಯಕ್ಕೂ ಹೆಸರಾದವರು. ಎರಡೂ ಗುಣ ಒಬ್ಬರಲ್ಲೇ ಇರಬಹುದು. ಗಾಡಿಯ ಆಸೆಯೂ ಲೆಕ್ಕದ ಎಚ್ಚರವೂ ಪರಸ್ಪರ ವೈರಿಗಳಲ್ಲ.

ಇನ್ನು ಹಣ ಕೂಡಿಸುವ ಮಾತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಿಂಗಳ ಸಂಬಳದವರಿಗಿಂತ ಬೆಳೆಯ ಹಣದವರೇ ಹೆಚ್ಚು. ಶಿಡ್ಲಘಟ್ಟದಲ್ಲಿ ಹುಳು ಮೊಟ್ಟೆಯೊಡೆದು ಗೂಡು ಕಟ್ಟುವುದಕ್ಕೆ ಸುಮಾರು 25ರಿಂದ 28 ದಿನ. ಗೂಡಿನ ಮಾರುಕಟ್ಟೆಗೆ ಹೋದ ದಿನ ಕೈಗೆ ಗಂಟು ಬರುತ್ತದೆ. ಗೌರಿಬಿದನೂರಿನ ಮುಸುಕಿನ ಜೋಳದವನಿಗೆ ಹಣ ಕಾಣುವುದು ಕಟಾವಿನ ಮೇಲೆ. ಚಿಕ್ಕಬಳ್ಳಾಪುರದ ದ್ರಾಕ್ಷಿ, ಹೂವು ಇವುಗಳದು ಬೇರೆ ಗತಿ. ಚಿಂತಾಮಣಿಯ ಟೊಮೆಟೊ ಬೆಳೆಗಾರನ ಪಾಡು ಇನ್ನೂ ವಿಚಿತ್ರ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ ಹಣ್ಣನ್ನು ಬೇರೆ ವರ್ಷಗಳಲ್ಲಿ ಕೊಳ್ಳುವವರಿಲ್ಲದೆ ರಸ್ತೆಯ ಬದಿಗೆ ಸುರಿದದ್ದನ್ನೂ ನೀವು ಕಂಡಿದ್ದೀರಿ. ಒಂದು ವರ್ಷದ ಬೆಲೆಯನ್ನು ನಂಬಿ ಅರವತ್ತು ತಿಂಗಳ ಕಂತಿಗೆ ಸಹಿ ಹಾಕುವುದು ಮಳೆಯ ಮೋಡವನ್ನು ನೋಡಿ ಕೊಡದ ನೀರು ಚೆಲ್ಲಿದಂತೆ. ಎಲ್ಲ ಮನೆಗಳಲ್ಲೂ ತಪ್ಪದೆ ಬರುವ ಹಣವೆಂದರೆ ಹಾಲಿನ ಡೇರಿಯ ಬಟವಾಡೆ. ಕಂತನ್ನಾಗಲಿ ಉಳಿತಾಯವನ್ನಾಗಲಿ ಅಂಥ ತಪ್ಪದ ಹಣದ ಮೇಲೆ ನಿಲ್ಲಿಸಬೇಕು. ಬೆಳೆಯ ಹಣ ಬಂದರೆ ಅದು ಮೇಲಾಯಿತು.

ನಮ್ಮ ಕಡೆ ಉಳಿತಾಯವೆಂದರೆ ಚೀಟಿ. ಅದರ ಒಳಲೆಕ್ಕ ಅನೇಕರಿಗೆ ಸ್ಪಷ್ಟವಿಲ್ಲ. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲಾ 2,500. ಚೀಟಿಯ ಮೊತ್ತ 50,000. ಹಣ ಬೇಕಾದವನು ಹರಾಜಿನಲ್ಲಿ 8,000 ಬಿಟ್ಟುಕೊಡುತ್ತೇನೆಂದು ಕೂಗಿದರೆ ಅವನಿಗೆ 42,000 ಸಿಕ್ಕಿತು. ಆ ಎಂಟು ಸಾವಿರದಲ್ಲಿ ಚೀಟಿ ನಡೆಸುವವನ ಕಮಿಷನ್ ನೂರಕ್ಕೆ ಐದರಂತೆ 2,500 ಹೋದರೆ ಉಳಿದ 5,500 ಇಪ್ಪತ್ತು ಜನಕ್ಕೆ ತಲಾ 275. ಅವಸರಪಡುವವನು ಕೊಡುತ್ತಾನೆ, ಕಾಯುವವನು ಪಡೆಯುತ್ತಾನೆ. ಆದ್ದರಿಂದ ಆಪತ್ತಿಗೆ ಚೀಟಿ ಎತ್ತುವವರು ಬೇಗ ಎತ್ತಲಿ. ಯಾತ್ರೆಗೆ ಎತ್ತುವವರು ತಡವಾಗಿ ಎತ್ತಲಿ. ಯಾತ್ರೆಗೆ ಅವಸರವಿಲ್ಲ. ಇನ್ನೊಂದು ಎಚ್ಚರ: 1982ರ ಚೀಟಿ ಕಾಯಿದೆಯ ಪ್ರಕಾರ ಚೀಟಿಯನ್ನು ರಿಜಿಸ್ಟರು ಮಾಡಿಸಬೇಕು, 2019ರ ತಿದ್ದುಪಡಿಯಂತೆ ಕಮಿಷನ್ ನೂರಕ್ಕೆ ಏಳನ್ನು ಮೀರಬಾರದು. ನಮ್ಮ ರಾಜ್ಯದಲ್ಲಿ ಸರ್ಕಾರಿ ಸಂಸ್ಥೆಯಾದ ಎಂ.ಎಸ್.ಐ.ಎಲ್. ಕೂಡ ಚೀಟಿ ನಡೆಸುತ್ತದೆ. ಪರಿಚಯದವನೆಂಬ ಒಂದೇ ಕಾರಣಕ್ಕೆ ರಸೀತಿಯಿಲ್ಲದೆ ಹಣ ಕೊಟ್ಟವರ ಗೋಳು ನಮ್ಮ ಬೀದಿಗಳಿಗೆ ಹೊಸದಲ್ಲ.

ಹೀಗೆ ಸಣ್ಣ ಹಣದಿಂದ ದೊಡ್ಡ ದಾರಿ ನಡೆದವರಿದ್ದಾರೆ. ಕೊಚ್ಚಿಯಲ್ಲಿ ಚಿಕ್ಕ ಚಹದಂಗಡಿ ನಡೆಸುತ್ತಿದ್ದ ವಿಜಯನ್ ಮತ್ತು ಮೋಹನಾ ದಂಪತಿಗಳು ದಿನಕ್ಕೆ ಮುನ್ನೂರು ರೂಪಾಯಿನಂತೆ ಉಳಿಸಿ, ಕೊರತೆಗೆ ಸಾಲ ಮಾಡಿ, ಒಂದು ಪ್ರವಾಸದ ಸಾಲ ತೀರಿಸಿಕೊಂಡು ಇನ್ನೊಂದಕ್ಕೆ ಹೊರಟು, ಇಪ್ಪತ್ತೈದಕ್ಕೂ ಹೆಚ್ಚು ದೇಶಗಳನ್ನು ನೋಡಿದರು. ವಿಜಯನ್ 2021ರಲ್ಲಿ ತೀರಿಕೊಂಡರು. ನಮ್ಮ ಮೈಸೂರಿನ ಕೃಷ್ಣಕುಮಾರ್ ಎಂಬವರು ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಮೇಲೆ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ತಾಯಿ ಹತ್ತಿರದ ಬೇಲೂರು ಹಳೇಬೀಡುಗಳನ್ನೂ ನೋಡಿರಲಿಲ್ಲವೆಂಬುದೇ ಆ ಯಾತ್ರೆಗೆ ಮೂಲ. ಮಠಗಳಲ್ಲಿ, ದೇವಸ್ಥಾನಗಳಲ್ಲಿ ತಂಗುತ್ತ, ದುಡಿಮೆಯ ಉಳಿತಾಯದ ಆಧಾರದ ಮೇಲೆ, ಐವತ್ತು ಸಾವಿರ ಕಿಲೋಮೀಟರಿಗೂ ಮೀರಿ ತಾಯಿಮಗ ಸಂಚರಿಸಿದರು. ಅವರಿಗೆ ಗಾಲಿಗಳಿದ್ದುವು, ಮನೆ ಇರಲಿಲ್ಲ. ಮನೆಯ ಕೆಲಸವನ್ನು ದಾರಿಯ ಛತ್ರಗಳು ಮಾಡಿದುವು.

ಈ ಮಾತುಗಳನ್ನೆಲ್ಲ ನನ್ನ ವಿದ್ಯಾರ್ಥಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಮ್ಮನನ್ನು ಕರೆದುಕೊಂಡು ಹೋಗುವುದು ಬೇಡ ಅನ್ನುತ್ತೀರಾ ಸಾರ್?” ಎಂದ. ಅವನ ಗಂಟಲು ಕಟ್ಟಿತ್ತು. ನನ್ನ ಲೆಕ್ಕದಿಂದ ಅವನ ಆಸೆಗೆ ಕತ್ತರಿ ಹಾಕಿದೆನೇನೋ ಎಂದು ನನಗೂ ಕಸಿವಿಸಿಯಾಯಿತು.

“ಸಾಮಾನು ಹೊರಲು ನಿನ್ನ ಹತ್ತಿರ ಏನಿದೆಯಯ್ಯಾ?” ಎಂದು ಕೇಳಿದೆ.

“ಹಳೇ ಓಮ್ನಿ ಇದೆ ಸಾರ್. ಎಂಟು ಸೀಟಿನದು.”

1984ರಲ್ಲಿ ರಸ್ತೆಗಿಳಿದು 2019ರಲ್ಲಿ ತಯಾರಿಕೆ ನಿಂತ ಆ ಡಬ್ಬಿಯಂಥ ವ್ಯಾನು ನಮ್ಮ ಕಡೆ ಈಗಲೂ ಓಡಾಡುತ್ತದೆ. ಎಂಟು ಸೀಟಿನದರಲ್ಲಿ ಹಿಂದಿನ ಆಸನಗಳು ಎದುರುಬದುರು. ಅವುಗಳ ನಡುವೆ ಮೂರು ತುಂಡಿನ ಹಲಗೆ ಹಾಸಿ ಮೇಲೆ ಹತ್ತಿಯ ಹಾಸಿಗೆ ಹರಡಿದರೆ ಇಬ್ಬರು ಕಾಲು ಚಾಚಬಹುದು. ಹಲಗೆ ತೆಗೆದರೆ ಮತ್ತೆ ಮೊದಲಿನಂತೆ. ಆಸನವನ್ನೇ ಕಿತ್ತು ಗಾಡಿಯ ರೂಪ ಬದಲಾಯಿಸುವುದಾದರೆ ಮಾತ್ರ ಆರ್.ಟಿ.ಓ. ಕಚೇರಿಯ ಅನುಮತಿ ಬೇಕು. ಅದಿಲ್ಲದೆ ಮಾಡಿದರೆ ದಂಡವೂ ಉಂಟು, ಅಪಘಾತವಾದಾಗ ವಿಮೆಯ ತಕರಾರೂ ಉಂಟು. ಬಡಗಿಯನ್ನು ಕರೆಸಿ ಹಲಗೆ ಮಾಡಿಸಿದ. ಸೈಟಿನ ಪತ್ರ ಪೆಟ್ಟಿಗೆಯಲ್ಲೇ ಉಳಿಯಿತು. ಅದೇ ತಿಂಗಳು ನಾನು ಹೇಳಿದ ಐವತ್ತು ಸಾವಿರದ ಚೀಟಿಗೂ ಸೇರಿದ.

ದೂರ ಹೋಗುವ ಮೊದಲು ಹತ್ತಿರದಲ್ಲಿ ಪರೀಕ್ಷೆ ಮಾಡಬೇಕೆಂದು ಹೇಳಿದ್ದೆ. ಒಂದು ಶನಿವಾರ ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು ಚಿಕ್ಕಬಳ್ಳಾಪುರದ ಮೇಲೆ ನಂದಿಗೆ ಹೋಗಿ, ಅಲ್ಲಿಂದ ಗೌರಿಬಿದನೂರು ದಾಟಿ ವಿದುರಾಶ್ವತ್ಥದಲ್ಲಿ ತಂಗಿದರು. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿದ ಆ ಕ್ಷೇತ್ರದಲ್ಲಿ, ನಾಗರ ಕಲ್ಲುಗಳ ಸಮೀಪ ಗಾಡಿ ನಿಲ್ಲಿಸಿದರು. ಆ ಒಂದು ರಾತ್ರಿ ಅವರಿಗೆ ಕಲಿಸಿದ್ದನ್ನು ಯಾವ ಅಂಗಡಿಯವನೂ ಕಲಿಸುತ್ತಿರಲಿಲ್ಲ. ತಾಯಿಗೆ ರಾತ್ರಿ ಎರಡು ಸಲ ಏಳಬೇಕಾಯಿತು. ಶೌಚದ ಮನೆ ದೂರ. ತಂದೆಗೆ ಗಾಡಿಯಿಂದ ಇಳಿಯುವ ಮೆಟ್ಟಿಲು ಎತ್ತರ. ಸೊಳ್ಳೆಗೆಂದು ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಹನ್ನೆರಡು ಲಕ್ಷ ಕೊಟ್ಟ ಮೇಲೆ ಇದು ತಿಳಿದಿದ್ದರೆ?

ಅದರಿಂದ ಅವರು ಕಂಡುಕೊಂಡ ದಾರಿ ಇದು. ರಾತ್ರಿ ಛತ್ರದಲ್ಲೋ ಸಾಧಾರಣ ವಸತಿಯಲ್ಲೋ ಮಲಗುವುದು. ಹಗಲು ದಾರಿಯಲ್ಲಿ ಬೇಕೆಂದಾಗ ಹಲಗೆಯ ಮೇಲೆ ಒರಗುವುದು. ಇಳಿಯುವುದಕ್ಕೆ ಒಂದು ಮರದ ಮಣೆ. ಒಲೆಯನ್ನು ಗಾಡಿಯ ಹೊರಗೆ ಮರದ ನೆರಳಿನಲ್ಲಿ ಹಚ್ಚುವುದು. ಇದನ್ನು ನೀವು ವಿಶೇಷವಾಗಿ ಗಮನಿಸಿ: ಮುಚ್ಚಿದ ಗಾಡಿಯೊಳಗೆ ಒಲೆಯಾಗಲಿ ಇದ್ದಿಲಾಗಲಿ ಉರಿಸಬಾರದು, ಇಂಜಿನ್ ಓಡಿಸಿಕೊಂಡು ಮಲಗಬಾರದು. ವಾಸನೆಯೂ ಬಣ್ಣವೂ ಇಲ್ಲದ ವಿಷಗಾಳಿ ನಿದ್ರೆಯಲ್ಲೇ ಪ್ರಾಣ ತೆಗೆಯುತ್ತದೆ. ಹಾಗೆಯೇ ಜಾತ್ರೆಗೆಂದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಸರಕಿನ ಟೆಂಪೋದಲ್ಲಿ ಸಂಸಾರ ತುಂಬಿಕೊಂಡು ಹೋಗುವುದೂ ಕಾನೂನಿಗೆ ವಿರುದ್ಧ, ಅದು ಉಳಿತಾಯವಲ್ಲ. ನಾಲ್ಕಾರು ಮನೆಯವರು ಕೂಡಿ ಹೋಗುವುದಾದರೆ ಹಳದಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿಯಿರಿ. ಸ್ವಂತಕ್ಕೆಂದು ರಿಜಿಸ್ಟರಾದ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಬಿಡುವಂತಿಲ್ಲ. ಪೂರ್ಣ ಸಜ್ಜಾದ ಮೋಟಾರ್ ಹೋಮಿನ ಸುಖವನ್ನೇ ನೋಡಬೇಕೆಂದರೆ ಅದೂ ದಿನದ ಬಾಡಿಗೆಗೆ ಸಿಗುತ್ತದೆ. ನೆರೆಯ ಕೇರಳವಂತೂ 2021ರಲ್ಲಿ ಇದಕ್ಕೆಂದೇ ‘ಕೇರವಾನ್ ಕೇರಳ’ ಎಂಬ ಯೋಜನೆ ಮಾಡಿತು. ವರ್ಷಕ್ಕೆ ಎರಡು ದಿನ ಬೇಕಾದ ವಸ್ತುವಿಗೆ ಎರಡು ದಿನದ ಹಣ ಕೊಟ್ಟರೆ ಸಾಕು.

ಹದಿನಾರನೆಯ ತಿಂಗಳಿನಲ್ಲಿ ನನ್ನ ವಿದ್ಯಾರ್ಥಿ ಚೀಟಿ ಎತ್ತಿದ. ಕೈಗೆ 46,000 ಬಂತು. ತುಮಕೂರು, ಅರಸೀಕೆರೆ, ಶಿವಮೊಗ್ಗ, ಸಾಗರದ ಮೇಲೆ ನಿಧಾನವಾಗಿ, ದಿನಕ್ಕೆ ಇಷ್ಟೇ ಎಂದು ಗೊತ್ತು ಮಾಡಿಕೊಂಡು, ಮೂರನೆಯ ದಿನ ಹೊನ್ನಾವರ ದಾಟಿ ಗೋಕರ್ಣ ಸೇರಿದರು. ಊರಿಗೆ ಹಿಂದಿರುಗಿದಾಗ ಚೀಟಿಯ ಹಣದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

ಅವನು ಬಂದು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ತಾಯಿ ಕಡಲ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಸಾವಿರ ಅಡಿ ಕೊರೆದರೂ ತೇವ ಕಾಣದ ಸೀಮೆಯಿಂದ ಬಂದ ಆ ಮುದುಕಿ, “ಇಷ್ಟೊಂದು ನೀರು ಸುಮ್ಮನೆ ಬಿದ್ದಿದೆಯಲ್ಲಪ್ಪಾ” ಎಂದರಂತೆ. ಮಗ, “ಉಪ್ಪಮ್ಮ, ಕುಡಿಯೋಕಾಗಲ್ಲ” ಎಂದನಂತೆ. ಅವರು ಬಗ್ಗಿ, ಚರಕದ ನೀರಿನಲ್ಲಿ ಬೆಂದ ಬೆರಳುಗಳನ್ನು ಆ ನೀರಿಗಿಟ್ಟು, “ತಣ್ಣಗಿದೆ” ಎಂದರಂತೆ.

ನೀವೂ ಗಾಡಿಯ ಆಸೆ ಇಟ್ಟುಕೊಂಡಿದ್ದರೆ ಬಿಡಬೇಕಾಗಿಲ್ಲ. ನಾಳೆ ಬೆಳಿಗ್ಗೆ ಕಾಗದದ ಮೇಲೆ ಎರಡು ಸಂಖ್ಯೆ ಬರೆಯಿರಿ. ಒಂದು, ವರ್ಷಕ್ಕೆ ಅದರಿಂದಾಗುವ ಒಟ್ಟು ಖರ್ಚು. ಇನ್ನೊಂದು, ವರ್ಷದಲ್ಲಿ ಅದು ನಿಮ್ಮ ಕೆಲಸಕ್ಕೆ ನಿಜವಾಗಿ ಬರುವ ದಿನಗಳು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಉತ್ತರವನ್ನು ಮನೆಯವರಿಗೆಲ್ಲ ಓದಿ ಹೇಳಿ. ಅವರು ಒಪ್ಪಿದರೆ ಕೊಳ್ಳಿ. ಒಪ್ಪದಿದ್ದರೆ ನಿಮ್ಮ ಮನೆಯ ಮುಂದೆ ಈಗಾಗಲೇ ನಿಂತಿರುವ ಗಾಡಿಗೆ ಒಂದು ಹಲಗೆ ಸಾಕಾಗುತ್ತದೆಯೇ ನೋಡಿ. ಹೇಗಾದರೂ ಸರಿ, ಮನೆಯ ಹಿರಿಯರಿಗೆ ಮೈಯಲ್ಲಿ ಶಕ್ತಿಯಿರುವಾಗಲೇ ಹೊರಡಿ. ಆ ಒಂದು ಸಂಖ್ಯೆ ಮಾತ್ರ ಚೀಟಿಯ ಹಾಗೆ ತಡವಾದಷ್ಟೂ ಹೆಚ್ಚುವುದಿಲ್ಲ.